ಮನೆಯ ಆವರಣದಲ್ಲಿ ನೆಲ ಅಗೆಯುವ ಮುನ್ನ: ಭೂಗತ ಖಾಸಗಿ ಮಾರ್ಗಗಳ ಪತ್ತೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಇಂಗು ಗುಂಡಿ, ನೀರಿನ ಸಂಪು, ಕಾಂಪೌಂಡ್ ಗೋಡೆಯ ಪಾಯ ಅಥವಾ ಗೇಟಿನ ಕಂಬಕ್ಕಾಗಿ ಮನೆಯ ಆವರಣದಲ್ಲಿ ನೆಲ ಅಗೆಯುವುದು ಸಾಮಾನ್ಯ ಸಂಗತಿ. ಬೆಂಗಳೂರಿನಲ್ಲಿ 2009ರ ಕಾಯಿದೆ ತಿದ್ದುಪಡಿಯಿಂದ 60×40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ, ಹತ್ತಾರು ವರ್ಷಗಳಿಂದ ಯಾರೂ ಮುಟ್ಟದ ಅಂಗಳಗಳಲ್ಲಿಯೂ ಗುಂಡಿ ತೋಡುವ ಸಂದರ್ಭ ಒದಗಿದೆ. ಇಂತಹ ಅಂಗಳದ ಕೆಳಗೆ ಏನೇನು ಹಾದುಹೋಗಿದೆ ಎಂಬುದು ಅನೇಕ ವೇಳೆ ಮನೆಯ ಮಾಲೀಕರಿಗೇ ತಿಳಿದಿರುವುದಿಲ್ಲ. ಗುದ್ದಲಿ ಹಿಡಿದು ಗುಂಡಿಗೆ ಇಳಿಯುವ ಕೂಲಿಕಾರರಿಗಂತೂ ತಿಳಿಯುವ ಮಾರ್ಗವೇ ಇಲ್ಲ.

ಹೊಣೆ ಯಾರದು?

ವಿದ್ಯುತ್ ಸರಬರಾಜು ಕಂಪನಿ ಹಾಗೂ ಜಲಮಂಡಳಿಯ ದಾಖಲೆಗಳಲ್ಲಿ ಆಯಾ ಸಂಸ್ಥೆಯು ಹಾಕಿದ ಮಾರ್ಗಗಳ ವಿವರ ಮಾತ್ರ ಇರುತ್ತದೆ. ಮೀಟರಿನಿಂದ ಮುಂದಕ್ಕೆ ಮನೆಯವರು ಹಾಕಿಸಿಕೊಂಡ ಮಾರ್ಗಗಳು ಖಾಸಗಿ ಮಾರ್ಗಗಳಾಗಿದ್ದು, ಅವುಗಳ ಪಾಲನೆ ಗ್ರಾಹಕರದೇ ಹೊಣೆ. ಕೊಳವೆ ಬಾವಿಯ ಮೋಟಾರು ಕೇಬಲ್, ಗೇಟಿನ ದೀಪ ಮತ್ತು ಕರೆಗಂಟೆಯ ತಂತಿ, ಸಂಪಿನಿಂದ ಮೇಲ್ಛಾವಣಿಯ ತೊಟ್ಟಿಗೆ ಹೋಗುವ ಕೊಳವೆ, ಸ್ನಾನಗೃಹದ ಚರಂಡಿ ಕೊಳವೆ ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಇವುಗಳ ನಕ್ಷೆಗಾಗಿ ಕಚೇರಿಗೆ ಅರ್ಜಿ ಸಲ್ಲಿಸಿದರೂ ಪ್ರಯೋಜನವಾಗದು. ಅಂತಹ ನಕ್ಷೆ ಕಚೇರಿಯಲ್ಲಿ ಇರುವುದಿಲ್ಲ.

ಕೇಂದ್ರ ಸರ್ಕಾರವು 2023ರ ಮಾರ್ಚ್ 22ರಂದು ಬಿಡುಗಡೆ ಮಾಡಿದ ‘ಕಾಲ್ ಬಿಫೋರ್ ಯು ಡಿಗ್’ ಮೊಬೈಲ್ ಆ್ಯಪ್ ಅಗೆಯುವವರಿಗೂ ಭೂಗತ ಮಾರ್ಗಗಳ ಒಡೆತನ ಹೊಂದಿದ ಸಂಸ್ಥೆಗಳಿಗೂ ಸಂಪರ್ಕ ಕಲ್ಪಿಸುತ್ತದೆ. ಕಾಂಪೌಂಡಿನ ಹೊರಗಿನ ರಸ್ತೆ ಅಥವಾ ಪಾದಚಾರಿ ಮಾರ್ಗವನ್ನು ಅಗೆಯಬೇಕಾದಲ್ಲಿ ಸ್ಥಳೀಯ ಸಂಸ್ಥೆಯ ಅನುಮತಿ ಅಗತ್ಯ. ಕಾಂಪೌಂಡಿನ ಒಳಗಿನ ಖಾಸಗಿ ತಂತಿಯನ್ನು ಮಾಲೀಕರೇ ಪತ್ತೆ ಮಾಡಿಸತಕ್ಕದ್ದು.

ಪತ್ತೆ ಮಾಡುವ ವಿಧಾನ

ಮೊದಲು ವಿಚಾರಣೆ. ಮನೆಯನ್ನು ಮಾರಿದವರು, ಕಟ್ಟಿದ ಮೇಸ್ತ್ರಿ, ಮೋಟಾರು ಇಳಿಸಿದವರು ಮತ್ತು ತಂತಿ ಎಳೆದ ಎಲೆಕ್ಟ್ರಿಷಿಯನ್ ಇವರಲ್ಲಿ ಯಾರಾದರೂ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಬಳಿಕ ಆವರಣವನ್ನು ಒಂದು ಸುತ್ತು ನೋಡಬೇಕು. ಗೋಡೆಯಿಂದ ಇಳಿದು ನೆಲಕ್ಕೆ ಹೋಗುವ ಪ್ರತಿಯೊಂದು ಕೊಳವೆ ಮತ್ತೆ ಎಲ್ಲಿ ಮೇಲೆದ್ದಿದೆ ಎಂದು ಹುಡುಕಿ, ಎರಡು ತುದಿಗಳ ನಡುವೆ ಸುಣ್ಣದ ಪುಡಿಯಿಂದ ಗೆರೆ ಹಾಕುವುದು. ಚರಂಡಿ ಕೊಳವೆಯು ಒಂದು ಚೇಂಬರಿನಿಂದ ಇನ್ನೊಂದಕ್ಕೆ ಬಹುತೇಕ ನೇರವಾಗಿ ಹೋಗಿರುತ್ತದೆ. ತಂತಿಗೆ ಆ ನಿಯಮವಿಲ್ಲ. ಮರದ ಬೇರು ಅಥವಾ ಬಂಡೆಯನ್ನು ಬಳಸಿ ಹೋಗಿರಬಹುದು.

ಕೇಬಲ್ ಪತ್ತೆ ಉಪಕರಣವು ತಂತಿಯ ಒಂದು ತುದಿಗೆ ಸಂಕೇತ ನೀಡಿ, ನೆಲದ ಮೇಲಿನಿಂದ ಅದನ್ನು ಗುರುತಿಸುತ್ತದೆ. ಆದರೆ ಪಿವಿಸಿ ನೀರಿನ ಕೊಳವೆ ಅದಕ್ಕೆ ಸಿಗುವುದಿಲ್ಲ. ಕೊಳವೆಯೊಳಗೆ ಲೋಹದ ತಂತಿ ತೂರಿಸಿದರೆ ಮಾತ್ರ ಸಾಧ್ಯ. ನೆಲದೊಳಕ್ಕೆ ರೇಡಿಯೊ ಅಲೆ ಕಳುಹಿಸುವ ರಾಡಾರ್ ಉಪಕರಣವು ಪ್ಲಾಸ್ಟಿಕ್ ಕೊಳವೆಯನ್ನೂ ತೋರಿಸಬಲ್ಲದು, ಆದರೆ ಒದ್ದೆಯಾದ ಎರೆಮಣ್ಣಿನಲ್ಲಿ ಅದರ ದೃಷ್ಟಿ ಆಳಕ್ಕೆ ಹೋಗದು.

ಆಳವನ್ನು ನಂಬಬಾರದು. ಭಾರತೀಯ ಮಾನಕ 1255ರ ಪ್ರಕಾರ ಕಡಿಮೆ ವೋಲ್ಟೇಜಿನ ಕೇಬಲ್ ಕನಿಷ್ಠ 75 ಸೆಂ.ಮೀ. ಆಳದಲ್ಲಿರಬೇಕು. ಮನೆಯಂಗಳದ ಗೇಟು ದೀಪದ ತಂತಿ ಒಂದು ಗೇಣು ಆಳದಲ್ಲಿ, ರಕ್ಷಣಾ ಕೊಳವೆಯೂ ಇಲ್ಲದೆ ಮಲಗಿರುವುದು ಅಪರೂಪವಲ್ಲ. ಅಗೆಯುವಾಗ ಮರಳಿನ ಪದರ, ಸಾಲಾಗಿ ಜೋಡಿಸಿದ ಇಟ್ಟಿಗೆ ಅಥವಾ ಬಣ್ಣದ ಎಚ್ಚರಿಕೆ ಪಟ್ಟಿ ಕಂಡುಬಂದಲ್ಲಿ ಕೆಲಸ ನಿಲ್ಲಿಸತಕ್ಕದ್ದು.

ಮೇನ್ ಸ್ವಿಚ್ ಆರಿಸಿದರೆ ಸಾಕೇ?

ಸಾಲದು. ಬಹಳ ಮಂದಿ ತಪ್ಪುವುದು ಇಲ್ಲಿಯೇ. ಗೇಟಿನ ದೀಪಕ್ಕೆ ಯುಪಿಎಸ್‌ನಿಂದ ಸಂಪರ್ಕ ನೀಡಿದ್ದಲ್ಲಿ, ಮೇನ್ ಆರಿಸಿದ ಕೂಡಲೇ ಯುಪಿಎಸ್ ತಾನಾಗಿ ಆ ತಂತಿಗೆ ವಿದ್ಯುತ್ ಹರಿಸುತ್ತದೆ. ಮೋಟಾರಿಗೆ ಪ್ರತ್ಯೇಕ ಮೀಟರ್ ಇರಬಹುದು; ಪಕ್ಕದ ಮನೆಯ ತಂತಿಯೂ ಹಾದುಹೋಗಿರಬಹುದು. ಆದ್ದರಿಂದ ಮೇನ್, ಯುಪಿಎಸ್, ಜನರೇಟರ್ ಎಲ್ಲವನ್ನೂ ಆರಿಸಿ, ಅಧಿಕೃತ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿದ ನಂತರವೇ ಕೂಲಿಕಾರರನ್ನು ಗುಂಡಿಗೆ ಇಳಿಸುವುದು. ಟೆಸ್ಟರಿನ ದೀಪ ಹೊತ್ತಲಿಲ್ಲ ಎಂಬುದನ್ನೇ ಆಧಾರವಾಗಿ ಪರಿಗಣಿಸಬಾರದು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿರುವುದು ಹೆಚ್ಚಿನ ರಕ್ಷಣೆ; ಎಂಸಿಬಿ ಒಂದರಿಂದಲೇ ಮನುಷ್ಯನ ಜೀವ ಉಳಿಯುತ್ತದೆ ಎನ್ನಲಾಗದು.

ಗುರುತಿಸಿದ ಗೆರೆಯ ಎರಡೂ ಬದಿಗೆ ಎರಡೆರಡು ಅಡಿ ಜೆಸಿಬಿ, ಪಿಕಾಸಿ, ಹಾರೆ ಬಳಸದೆ, ಸಲಿಕೆಯಿಂದ ನಿಧಾನವಾಗಿ ಮಣ್ಣು ತೆಗೆಯುವುದು. ಅರ್ಥಿಂಗ್ ಗುಂಡಿಯನ್ನು ಕದಲಿಸಬಾರದು.

ಅವಘಡ ಸಂಭವಿಸಿದಲ್ಲಿ

ವಿದ್ಯುತ್ ತಗುಲಿದವರನ್ನು ಬರಿಗೈಯಿಂದ ಮುಟ್ಟದೆ, ಮೊದಲು ಎಲ್ಲ ಮೂಲಗಳಿಂದ ವಿದ್ಯುತ್ ಕಡಿತಗೊಳಿಸಿ 108 ಅಥವಾ 112ಕ್ಕೆ ಕರೆ ಮಾಡುವುದು. ಕಂಪನಿಯ ಕೇಬಲ್‌ಗೆ ಹಾನಿಯಾದಲ್ಲಿ 1912ಕ್ಕೆ, ಬೆಂಗಳೂರು ಜಲಮಂಡಳಿಯ ಕೊಳವೆ ಒಡೆದಲ್ಲಿ 1916ಕ್ಕೆ ತಿಳಿಸುವುದು. ಕೊಳವೆ ಅನಿಲದ ವಾಸನೆ ಬಂದರೆ ಯಾವುದೇ ಸ್ವಿಚ್ ಮುಟ್ಟದೆ, ಬೆಂಕಿ ಹೊತ್ತಿಸದೆ ಎಲ್ಲರೂ ದೂರ ಸರಿದು, ಅನಿಲದ ಬಿಲ್ಲಿನಲ್ಲಿ ಮುದ್ರಿಸಿರುವ ತುರ್ತು ಸಂಖ್ಯೆಗೆ ಕರೆ ಮಾಡುವುದು. ತುಂಡಾದ ತಂತಿಗೆ ಟೇಪು ಸುತ್ತಿ ಮಣ್ಣು ಮುಚ್ಚಬಾರದು.

ಗುಂಡಿ ಮುಚ್ಚುವ ಮೊದಲು ತೆರೆದ ಮಾರ್ಗಗಳ ಛಾಯಾಚಿತ್ರ ತೆಗೆದು, ಮನೆಯ ಎರಡು ಮೂಲೆಗಳಿಂದ ಅಳತೆ ಬರೆದ ಒಂದು ಕೈನಕ್ಷೆಯನ್ನು ಸ್ವತ್ತಿನ ಪತ್ರಗಳೊಂದಿಗೆ ಇರಿಸುವುದು. ಮನೆ ಮಾರಿದಲ್ಲಿ ಆ ನಕ್ಷೆಯನ್ನೂ ಖರೀದಿದಾರರಿಗೆ ಹಸ್ತಾಂತರಿಸಲು ಕೋರಲಾಗಿದೆ.