ಸಿಂಗರೇಣಿ: ಕಲ್ಲಿದ್ದಲು, ಕೂಲಿ, ಕರೆಂಟು

ಪ್ರಾಣಹಿತಾ ಮತ್ತು ಗೋದಾವರಿ ನದಿಗಳ ಕಣಿವೆಯಲ್ಲಿ, ಇಂದಿನ ತೆಲಂಗಾಣದ ಆಸಿಫಾಬಾದಿನಿಂದ ಕೊತ್ತಗೂಡೆಂವರೆಗೆ ನೆಲದಡಿ ಕಲ್ಲಿದ್ದಲಿನ ಪದರಗಳು ಹಬ್ಬಿವೆ. ತಮಿಳುನಾಡಿನ ನೈವೇಲಿಯಲ್ಲಿ ಸಿಗುವುದು ಲಿಗ್ನೈಟ್ ಎಂಬ ಕೆಳದರ್ಜೆಯ ಕಲ್ಲಿದ್ದಲು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. ಆದ್ದರಿಂದ ಸಿಂಗರೇಣಿ ಎಂದು ಹೆಸರಾದ ಈ ಗಣಿಸೀಮೆ ನೂರಮೂವತ್ತು ವರ್ಷಗಳಿಗೂ ಮಿಕ್ಕಿ ದಕ್ಷಿಣದ ಇಂಧನದ ಕಣಜವಾಗಿದೆ.

1871ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಖಮ್ಮಂ ಸೀಮೆಯ ಯೆಲ್ಲಂದು ಬಳಿ ಕಲ್ಲಿದ್ದಲು ಇರುವುದನ್ನು ಕಂಡರು. ಅಲ್ಲಿನ ಒಂದು ಪದರಕ್ಕೆ ಇಂದಿಗೂ ಅವರದೇ ಹೆಸರಿದೆ. ನಿಜಾಮನ ಸಂಸ್ಥಾನದಲ್ಲಿ ಗಣಿಗಾರಿಕೆಯ ಹಕ್ಕು 1886ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ ಹೈದರಾಬಾದ್ (ಡೆಕ್ಕನ್) ಕಂಪನಿಗೆ ಸಿಕ್ಕಿತು. 1889ರಲ್ಲಿ ಕಲ್ಲಿದ್ದಲು ಹೊರಬರತೊಡಗಿತು. ಡೋರ್ನಕಲ್‌ನಿಂದ ಗಣಿಗೆ ರೈಲುಹಾದಿಯ ಕವಲು ಬಂತು. ಉಗಿಬಂಡಿಗಳೇ ಕಲ್ಲಿದ್ದಲಿನ ದೊಡ್ಡ ಗಿರಾಕಿಗಳಾಗಿದ್ದ ಕಾಲ ಅದು. 1956ರವರೆಗೆ ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳೂ ಈ ಗಣಿಸೀಮೆಯೂ ಒಂದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು.

1920ರ ಡಿಸೆಂಬರಿನಲ್ಲಿ ಸಿಂಗರೇಣಿ ಕಾಲರೀಸ್ ಕಂಪನಿ ಸ್ಥಾಪನೆಯಾಗಿ ಹಳೆಯ ಕಂಪನಿಯ ಆಸ್ತಿ ಮತ್ತು ಹೊಣೆಗಳನ್ನು ವಹಿಸಿಕೊಂಡಿತು. ಗಣಿಗಳು ಯೆಲ್ಲಂದುವಿನಿಂದ ಬೆಲ್ಲಂಪಲ್ಲಿಗೆ, ಕೊತ್ತಗೂಡೆಂಗೆ ಹಬ್ಬಿದವು. 1945ರಲ್ಲಿ ನಿಜಾಮ್ ಸರ್ಕಾರ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡಿತು. 1970ರ ದಶಕದ ಆರಂಭದಲ್ಲಿ ದೇಶದ ಉಳಿದ ಗಣಿಗಳು ರಾಷ್ಟ್ರೀಕರಣವಾದಾಗ, ಆಗಲೇ ಸರ್ಕಾರದ ಕೈಯಲ್ಲಿದ್ದ ಸಿಂಗರೇಣಿ ಕೋಲ್ ಇಂಡಿಯಾಕ್ಕೆ ಸೇರದೆ ಬೇರೆಯಾಗಿಯೇ ಉಳಿಯಿತು. ಇಂದು ಅದರ ಶೇ. 51ರಷ್ಟು ಪಾಲು ತೆಲಂಗಾಣದ್ದು, ಶೇ. 49ರಷ್ಟು ಕೇಂದ್ರದ್ದು.

ಗಣಿಯ ಕೆಲಸ ಬಹುಕಾಲ ಮೈಬಲದ ಮೇಲೆಯೇ ನಿಂತಿತ್ತು. ಮದ್ದಿಟ್ಟು ಸಿಡಿಸಿದ ಕಲ್ಲಿದ್ದಲನ್ನು ಸಲಿಕೆಯಿಂದ ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಹಳಿಯ ಮೇಲಿನ ಡಬ್ಬಿಗೆ ಸುರಿಯುವವರನ್ನು ಫಿಲ್ಲರ್ ಎನ್ನುತ್ತಿದ್ದರು. ಈ ದುಡಿಮೆಯನ್ನು ತೆಲುಗಿನಲ್ಲಿ 'ತಟ್ಟ ಚೆಮ್ಮಸ್' (ಬುಟ್ಟಿ-ಸಲಿಕೆ) ಎಂದೇ ಕರೆಯುತ್ತಿದ್ದರು. ಮಳೆಯನ್ನೇ ನಂಬಿದ ತೆಲಂಗಾಣದ ಹಳ್ಳಿಗಳಿಂದ ಬಂದವರಿಗೆ ಕತ್ತಲೆ, ಸೆಕೆ, ಛಾವಣಿ ಕುಸಿಯುವ ಭಯಗಳ ನಡುವೆಯೂ ಇದು ತಿಂಗಳ ಸಂಬಳ, ಮನೆ, ಆಸ್ಪತ್ರೆ ಕೊಡುವ ಕೆಲಸವಾಗಿತ್ತು. ತಂದೆಯ ನಂತರ ಮಗನಿಗೆ ಕೆಲಸ ಸಿಗುವ ಪದ್ಧತಿಯೂ ಬೆಳೆಯಿತು. ಮಂದಮರ್ರಿ, ಗೋದಾವರಿಖನಿಯಂಥ ಊರುಗಳು ಗಣಿಯ ಆಸರೆಯಲ್ಲೇ ಬೆಳೆದವು. ಅಪಾಯ ಮಾತ್ರ ಬೆನ್ನುಬಿಡಲಿಲ್ಲ: 2003ರ ಜೂನ್‌ನಲ್ಲಿ ಗೋದಾವರಿಖನಿಯ ಒಂದು ಗಣಿಗೆ ನೀರು ನುಗ್ಗಿ 17 ಕಾರ್ಮಿಕರು ಸತ್ತರು.

ರೈಲ್ವೆ ಡೀಸೆಲ್ ಮತ್ತು ವಿದ್ಯುತ್ತಿಗೆ ಹೊರಳಿದಂತೆ ಕಲ್ಲಿದ್ದಲಿನ ಗಿರಾಕಿ ಬದಲಾಯಿತು. ಕೊತ್ತಗೂಡೆಂನಲ್ಲಿ 1966ರಿಂದ, ರಾಮಗುಂಡಂನ ಎನ್‌ಟಿಪಿಸಿ ಸ್ಥಾವರದಲ್ಲಿ 1983ರಿಂದ ವಿದ್ಯುತ್ ಉತ್ಪಾದನೆ ನಡೆಯಿತು. ಶರಾವತಿಯಂಥ ಜಲವಿದ್ಯುತ್ತನ್ನೇ ನೆಚ್ಚಿದ್ದ ಕರ್ನಾಟಕ, ಮಳೆ ಕೈಕೊಟ್ಟ ವರ್ಷಗಳಲ್ಲಿ ಕತ್ತಲೆಗೆ ಸಿಕ್ಕುತ್ತಿತ್ತು. ಅದಕ್ಕೆ ಪರಿಹಾರವಾಗಿ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಚಾಲೂ ಆಯಿತು. ಸ್ಥಾವರವು 1,720 ಮೆಗಾವಾಟ್‌ವರೆಗೆ ಬೆಳೆದು ರಾಜ್ಯದ ವಿದ್ಯುತ್ತಿನ ಆಧಾರಕಂಬವಾಯಿತು. ಸಿಂಗರೇಣಿ ಅದರ ಮುಖ್ಯ ಇಂಧನಮೂಲಗಳಲ್ಲಿ ಒಂದು.

ಈ ಅವಲಂಬನೆ ಎಷ್ಟು ಆಳವಾದದ್ದು ಎಂಬುದು 2011ರಲ್ಲಿ ತಿಳಿಯಿತು. ಪ್ರತ್ಯೇಕ ತೆಲಂಗಾಣಕ್ಕಾಗಿ ಸೆಪ್ಟೆಂಬರ್ 13ರಂದು ಆರಂಭವಾದ 'ಸಕಲ ಜನುಲ ಸಮ್ಮೆ'ಯಲ್ಲಿ (ಸರ್ವಜನರ ಮುಷ್ಕರ) ಗಣಿ ಕಾರ್ಮಿಕರು ತಿಂಗಳಿಗೂ ಹೆಚ್ಚು ಕಾಲ ಪಾಲ್ಗೊಂಡರು. ಗಣಿಗಳು ನಿಂತವು, ರಾಯಚೂರಿನಲ್ಲಿ ಕಲ್ಲಿದ್ದಲಿನ ದಾಸ್ತಾನು ಕರಗಿ ಘಟಕಗಳು ಸ್ಥಗಿತಗೊಂಡವು, ಕರ್ನಾಟಕದಲ್ಲಿ ಲೋಡ್ ಶೆಡ್ಡಿಂಗ್ ಹೆಚ್ಚಿತು. ದೂರದ ಊರುಗಳ ವಿದ್ಯುತ್ ಭದ್ರತೆಯು ಗಣಿಗೆ ಇಳಿಯುವವರ ದುಡಿಮೆಯ ಮೇಲೆಯೂ ನಿಂತಿದೆ ಎಂಬುದನ್ನು ಆ ವಾರಗಳು ಮನಗಾಣಿಸಿದವು.

ಆದರೆ ಹಾಗೆ ಇಳಿಯುವವರ ಸಂಖ್ಯೆಯೇ ಕುಗ್ಗುತ್ತ ಬಂದಿದೆ. 1970ರ ದಶಕದಲ್ಲಿ ರಾಮಗುಂಡಂನಲ್ಲಿ ತೆರೆದ ಗಣಿಗಾರಿಕೆ ಮೊದಲಾಯಿತು. ಭೂಗತ ಗಣಿಗಳಿಗೆ ಯಂತ್ರಗಳು ಬಂದವು. 1990ರ ದಶಕದಲ್ಲಿ ಕಂಪನಿ ನಷ್ಟದಲ್ಲಿ ಸಿಲುಕಿ ಚೇತರಿಸಿಕೊಂಡ ನಂತರ ಹೊಸ ನೇಮಕಾತಿ ತೀರ ಕಡಿಮೆಯಾಯಿತು. ಆ ದಶಕದ ಆರಂಭದಲ್ಲಿ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ವರ್ಷಕ್ಕೆ 2 ಕೋಟಿ ಟನ್ನಿನ ಆಸುಪಾಸು ಕಲ್ಲಿದ್ದಲು ತೆಗೆಯುತ್ತಿದ್ದರು. 2023–24ರಲ್ಲಿ ಸುಮಾರು 40 ಸಾವಿರ ಕಾಯಂ ನೌಕರರಿರುವಾಗ ಉತ್ಪಾದನೆ 7 ಕೋಟಿ ಟನ್ ಮುಟ್ಟಿತು. ತೆರೆದ ಗಣಿಗಳಲ್ಲಿ ಮೇಲ್ಮಣ್ಣು ತೆಗೆಯುವ ಕೆಲಸದ ಬಹುಪಾಲು ಗುತ್ತಿಗೆದಾರರ ಪಾಲಾಗಿದೆ. ಅಲ್ಲಿ ದುಡಿಯುವವರಿಗೆ ಕಾಯಂ ನೌಕರರ ಸಂಬಳವೂ ಇಲ್ಲ, ಭದ್ರತೆಯೂ ಇಲ್ಲ. ವಾರಸುದಾರರಿಗೆ ಕೆಲಸ ಕೊಡುವ ಯೋಜನೆಯನ್ನು 2017ರಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ಬಳಿಕ ಅನಾರೋಗ್ಯದಿಂದ ಕೆಲಸಕ್ಕೆ ಅನರ್ಹರಾದವರ ಮಕ್ಕಳಿಗೆ ಅನುಕಂಪದ ನೇಮಕಾತಿ ಉಳಿಯಿತು.

ಹಳೆಯ ಭೂಗತ ಗಣಿಗಳು ಮುಚ್ಚಿದಂತೆ ಯೆಲ್ಲಂದು, ಬೆಲ್ಲಂಪಲ್ಲಿಗಳ ವ್ಯಾಪಾರ ಇಳಿಯಿತು, ಕುಟುಂಬಗಳು ವಲಸೆ ಹೋದವು. ತೆರೆದ ಗಣಿಗಳು ಹಳ್ಳಿಗಳ ಹೊಲವನ್ನೂ ಕಾಡನ್ನೂ ನುಂಗಿ, ಮಣ್ಣಿನ ಗುಡ್ಡಗಳನ್ನು ಎಬ್ಬಿಸಿವೆ. ಕಂಪನಿಯೂ ಹೊಸ ದಾರಿಗಳನ್ನು ಹಿಡಿದಿದೆ: ಮಂಚಿರ್ಯಾಲ ಜಿಲ್ಲೆಯ ಜೈಪುರದಲ್ಲಿ 1,200 ಮೆಗಾವಾಟಿನ ಸ್ವಂತ ವಿದ್ಯುತ್ ಸ್ಥಾವರ, ಅಲ್ಲಿನ ಜಲಾಶಯದ ಮೇಲೆ ತೇಲುವ ಸೌರ ಫಲಕಗಳು, ಒಡಿಶಾದ ನೈನಿಯಲ್ಲಿ ಹೊಸ ಗಣಿ. ಸೌರ ಘಟಕ ನಡೆಸಲು ಭೂಗತ ಗಣಿಯಷ್ಟು ಕೈಗಳು ಬೇಡ. ನೈನಿಯ ಕೆಲಸ ಗೋದಾವರಿ ಕಣಿವೆಯ ಊರುಗಳಿಗೆ ದೂರ. ಹಾಗಾಗಿ ದಕ್ಷಿಣದ ಇಂಧನ ಭದ್ರತೆಯ ಲೆಕ್ಕದಲ್ಲಿ ಟನ್ನು, ಮೆಗಾವಾಟುಗಳ ಜೊತೆಗೆ ಈ ಊರುಗಳ ಮುಂದಿನ ಜೀವನೋಪಾಯವೂ ಸೇರಬೇಕು. ಗಣಿ ಮುಚ್ಚುವ ಮುನ್ನವೇ ಪರ್ಯಾಯ ಉದ್ಯೋಗ, ತರಬೇತಿ, ಅಗೆದ ನೆಲದ ಪುನಶ್ಚೇತನಗಳಿಗೆ ಹಣ ಮೀಸಲಿಡುವುದು ಈ ಕಲ್ಲಿದ್ದಲಿನಿಂದ ಬೆಳಕು ಪಡೆದ ಎಲ್ಲ ರಾಜ್ಯಗಳ ಹೊಣೆ.