ಬ್ಯಾಗು ದಾಟಿಸೋದು, ಅನೌನ್ಸ್‌ಮೆಂಟ್ ಕೇಳೋದು: ರಿಯಾಕ್ಟ್‌ನಲ್ಲಿ ಡೇಟಾ ಕೆಳಗಿಳಿದ ಕಥೆ

ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಹತ್ತಿದವರಿಗೆ ಇದು ಗೊತ್ತಿರುತ್ತೆ. ಬಾಗಿಲ ಹತ್ತಿರ ನಿಂತವನ ಬ್ಯಾಗು ರ‍್ಯಾಕ್ ತನಕ ಹೋಗಬೇಕು. ನಡುವಿನ ನಾಲ್ಕು ಜನ ಕೈಯಿಂದ ಕೈಗೆ ದಾಟಿಸ್ತಾರೆ. ಬ್ಯಾಗು ಅವರದ್ದಲ್ಲ, ಆದರೂ ಕೈ ಚಾಚಲೇಬೇಕು. ರಿಯಾಕ್ಟ್‌ನಲ್ಲಿ ಇದಕ್ಕೆ ಪ್ರಾಪ್ ಡ್ರಿಲ್ಲಿಂಗ್ ಅಂತಾರೆ. ಮೇಲಿನ ಕಾಂಪೊನೆಂಟ್‌ನ ಡೇಟಾ ತೀರಾ ಒಳಗಿನದಕ್ಕೆ ಬೇಕು. ನಡುವಿನವು ತಾವು ಬಳಸದಿದ್ದರೂ ಅದನ್ನ ತಗೊಂಡು ಕೆಳಕ್ಕೆ ಕೊಡ್ತಾ ಹೋಗಬೇಕು.

ಇವತ್ತು ಈ ಸಮಸ್ಯೆಯ ಇತಿಹಾಸ ಹೇಳ್ತೀನಿ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ.

2013ರ ಮೇ ತಿಂಗಳಲ್ಲಿ ಫೇಸ್‌ಬುಕ್ ರಿಯಾಕ್ಟನ್ನು ಓಪನ್ ಸೋರ್ಸ್ ಮಾಡಿತು. ಜಾರ್ಡನ್ ವಾಕ್ ಶುರುಮಾಡಿದ ಈ ಲೈಬ್ರರಿಯ ನಿಯಮ ಸರಳ: ಡೇಟಾ ಮೇಲಿಂದ ಕೆಳಕ್ಕೆ ಇಳಿಯುತ್ತೆ. ಸ್ಕ್ರೀನ್ ಮೇಲೆ ತಪ್ಪು ಅಂಕಿ ಕಂಡರೆ, ಪ್ರಾಪ್ ಹಿಡಿದು ಮೇಲಕ್ಕೆ ಹತ್ತಿದರೆ ಮೂಲ ಸಿಗುತ್ತೆ.

ಆದರೆ ಒಂದೇ ಡೇಟಾ ದೂರದೂರದ ಎರಡು ಮೂಲೆಗಳಲ್ಲಿ ಬೇಕಾದರೆ? ಫೇಸ್‌ಬುಕ್ ಚಾಟ್‌ನಲ್ಲಿ ಹೊಸ ಮೆಸೇಜ್ ಇದೆ ಅಂತ ಅಂಕಿ ತೋರಿಸೋದು, ತೆರೆದರೆ ಏನೂ ಇರ್ತಿರಲಿಲ್ಲ. ಸರಿಪಡಿಸಿದರೂ ಮತ್ತೆ ಬರೋದು. ಈ ಕಥೆ ಹೇಳಿಯೇ ಅವರು 2014ರಲ್ಲಿ ಫ್ಲಕ್ಸ್ ಪರಿಚಯಿಸಿದರು: ಡೇಟಾವನ್ನ ಸ್ಟೋರ್‌ನಲ್ಲಿಡಿ, ಬದಲಾವಣೆ ಒಂದೇ ದಿಕ್ಕಿನಲ್ಲಿ ಸಾಗಲಿ. 2015ರಲ್ಲಿ ಡ್ಯಾನ್ ಅಬ್ರಮೋವ್ ಮತ್ತು ಆಂಡ್ರ್ಯೂ ಕ್ಲಾರ್ಕ್ ಅದನ್ನೇ ಚಿಕ್ಕದು ಮಾಡಿ ರಿಡಕ್ಸ್ ಬರೆದರು. ನಾವೆಲ್ಲ ಮುಗಿಬಿದ್ದೆವು.

2017. ಐರೋಲಿಯ ಒಂದು ಕಂಪನಿಯಲ್ಲಿ ನಾನು ಇಂಟರ್‌ವ್ಯೂ ತಗೋತಿದ್ದೆ. ಕಲ್ಯಾಣದಿಂದ ಠಾಣೆಗೆ ಬಂದು, ಅಲ್ಲಿ ಟ್ರಾನ್ಸ್-ಹಾರ್ಬರ್ ಗಾಡಿ ಬದಲಿಸಿ ಒಬ್ಬ ಹುಡುಗ ಬಂದಿದ್ದ. "ಮೂರು ಲೆವೆಲ್ ಕೆಳಗೆ ಯೂಸರ್ ಹೆಸರು ಬೇಕು, ಏನು ಮಾಡ್ತೀಯ?" ಅಂದೆ. "ಪ್ರಾಪ್ಸ್ ಸಾಕು ಸರ್, ಮೂರೇ ಅಲ್ವಾ" ಅಂದ. ನಾನು ಶೀಟ್‌ನಲ್ಲಿ "ರಿಡಕ್ಸ್ ಗೊತ್ತಿಲ್ಲ" ಅಂತ ಬರೆದು ರಿಜೆಕ್ಟ್ ಮಾಡಿದೆ. ಹೋಗುವಾಗ ನನ್ನ ಹೆಸರು ನೋಡಿ, "ಸರ್, ತಾವು ಕನ್ನಡದವರಾ?" ಅಂದ. ನಾನು ಇಂಗ್ಲಿಷ್‌ನಲ್ಲಿ "ಎಚ್‌ಆರ್ ಕಾಲ್ ಮಾಡ್ತಾರೆ" ಅಂದೆ.

ರಿಡಕ್ಸ್ ನಿಮಗೆ ಬೇಕಾಗದೇ ಇರಬಹುದು ಅಂತ ಅಬ್ರಮೋವ್ 2016ರಲ್ಲೇ ಬರೆದಿದ್ದರು. ನಾನು ಓದಿರಲಿಲ್ಲ.

ರಿಯಾಕ್ಟ್‌ನೊಳಗೆ ಕಾಂಟೆಕ್ಸ್ಟ್ ಅನ್ನೋದು ಮೊದಲಿಂದ ಇತ್ತು, ಆದರೆ ಕುಂಟುತ್ತಿತ್ತು. ನಡುವಿನ ಕಾಂಪೊನೆಂಟ್ "ನನ್ನಲ್ಲೇನೂ ಬದಲಾಗಿಲ್ಲ" ಅಂತ ರೆಂಡರ್ ತಪ್ಪಿಸಿದರೆ ಕೆಳಗಿನವರಿಗೆ ಹೊಸ ಸುದ್ದಿ ತಲುಪ್ತಿರಲಿಲ್ಲ. 2018ರ ಮಾರ್ಚ್‌ನಲ್ಲಿ ಬಂದ 16.3 ಆವೃತ್ತಿ ಅದನ್ನ ಸರಿಮಾಡಿತು. 2019ರ ಫೆಬ್ರವರಿಯ 16.8ರಲ್ಲಿ ಹುಕ್ಸ್ ಬಂದು, 'ಯೂಸ್‌ಕಾಂಟೆಕ್ಸ್ಟ್' ಅನ್ನೋ ಒಂದು ಸಾಲಿಗೆ ಕೆಲಸ ಮುಗಿಯಿತು.

ಕಾಂಟೆಕ್ಸ್ಟ್ ಅಂದ್ರೆ ಸ್ಟೇಷನ್ನಿನ ಅನೌನ್ಸ್‌ಮೆಂಟ್. ಬೇಕಾದವರು ಕೇಳಿಸ್ಕೋತಾರೆ, ನಡುವಿನವರು ಕೈ ಚಾಚಬೇಕಿಲ್ಲ. ಪ್ಲಾಟ್‌ಫಾರ್ಮಿನಲ್ಲಿದ್ದಾಗ ಅಲ್ಲಿನದು, ಗಾಡಿಯೊಳಗೆ ಗಾಡಿಯದು. ಹಾಗೇ ಕಾಂಪೊನೆಂಟ್‌ಗೆ ತನ್ನ ಮೇಲಿರೋ ಹತ್ತಿರದ ಪ್ರೊವೈಡರ್ ಕೊಟ್ಟಿದ್ದೇ ಸಿಗುತ್ತೆ. ಆದರೆ ಅನೌನ್ಸ್ ಆದಾಗಲೆಲ್ಲ ಕೇಳೋರೆಲ್ಲ ತಲೆ ಎತ್ತುತ್ತಾರೆ. ವ್ಯಾಲ್ಯೂ ಬದಲಾದರೆ ಅದನ್ನ ಓದುವ ಎಲ್ಲ ಕಾಂಪೊನೆಂಟ್‌ಗಳೂ ಮತ್ತೆ ರೆಂಡರ್ ಆಗ್ತವೆ. ಭಾಷೆ, ಥೀಮ್, ಲಾಗಿನ್ ಆದ ಯೂಸರ್: ಇವಕ್ಕೆ ಸರಿ. ಫಾರ್ಮಿನಲ್ಲಿ ಟೈಪ್ ಮಾಡೋ ಒಂದೊಂದು ಅಕ್ಷರಕ್ಕೆ ಬೇಡ.

ಇನ್ನೊಂದು ದಾರಿ ನಮಗೆ ಮರೆತೇಹೋಗುತ್ತೆ. ಬ್ಯಾಗನ್ನ ದಾಟಿಸೋ ಬದಲು, ಬ್ಯಾಗಿನವನನ್ನೇ ಒಳಗೆ ಬಿಡಿ. ಒಳಗಿನ ಕಾಂಪೊನೆಂಟನ್ನ ಮೇಲೇ ಡೇಟಾ ಸಮೇತ ಕಟ್ಟಿ, 'ಚಿಲ್ಡ್ರನ್' ಆಗಿ ಕಳಿಸಿದರೆ ನಡುವಿನವರಿಗೆ ಡೇಟಾದ ಗೊಡವೆಯೇ ಇಲ್ಲ. ಕಾಂಟೆಕ್ಸ್ಟ್ ಬಳಸೋ ಮುಂಚೆ ಮೊದಲು ಪ್ರಾಪ್ಸ್, ಆಮೇಲೆ ಚಿಲ್ಡ್ರನ್ ನೋಡಿ ಅಂತ ಇವತ್ತು ರಿಯಾಕ್ಟ್ ಡಾಕ್ಯುಮೆಂಟೇಶನ್ನೇ ಹೇಳುತ್ತೆ.

ಅಂದ್ರೆ, ಮೂರು ಲೆವೆಲ್‌ಗೆ ಪ್ರಾಪ್ಸ್ ಸಾಕು ಅಂದ ಆ ಹುಡುಗ ಸರಿ ಇದ್ದ. ಹೊಸ ಟೂಲ್ ಬಂದಾಗ ಅದು ಯಾರ ಯಾವ ನೋವಿಗೆ ಬಂತು ಅಂತ ನಾನು ಕೇಳಿರಲಿಲ್ಲ. ಅದರ ಬೆಲೆ ತೆತ್ತವನು ಅವನು.

ಈಗಲೂ ಇಂಟರ್‌ವ್ಯೂ ತಗೋತೀನಿ. ಅದೇ ಪ್ರಶ್ನೆ ಕೇಳ್ತೀನಿ. "ಪ್ರಾಪ್ಸ್ ಸಾಕು" ಅಂದರೆ, "ಯಾಕೆ?" ಅಂತ ಕೇಳಿ, ಉತ್ತರ ಮುಗಿಯೋ ತನಕ ಪೆನ್ನು ಮುಟ್ಟಲ್ಲ. ಕನ್ನಡದವರಾ ಅಂತ ಯಾರಾದರೂ ಕೇಳಿದರೆ, ಹೌದಪ್ಪಾ ಅಂತೀನಿ.