ಚಾಕುವಿಗೊಂದು ಕೊಕ್ಕೆ, ಸೀರೆಗೊಂದು ಉಡಿ

ಚಾಕು ಎಂದರೆ ನಮಗೆ ಅಲಗು ನೆನಪಾಗುತ್ತದೆ, ಹೆಚ್ಚೆಂದರೆ ಹಿಡಿ. ಬಳಸದೇ ಇರುವಾಗ ಅದನ್ನು ಎಲ್ಲಿಟ್ಟುಕೊಳ್ಳಬೇಕು ಎಂಬುದರ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಅಡುಗೆಮನೆಯಲ್ಲಿ ಚಾಕುವಿಗೆ ಗೂಡು ಇದೆ, ಈಳಿಗೆಗೆ ಮೂಲೆ ಇದೆ. ಆದರೆ ಮನೆ ಬಿಟ್ಟು ಹೊಲಕ್ಕೋ ಊರಿಗೋ ಹೊರಟವರಿಗೆ ಅದೇ ದೊಡ್ಡ ಪ್ರಶ್ನೆ. ಹರಿತವಾದ ವಸ್ತು ಮೈಗೆ ತಾಗಬಾರದು, ದಾರಿಯಲ್ಲಿ ಬೀಳಬಾರದು, ಬೇಕೆಂದಾಗ ಕೈಗೆ ಸಿಗಬೇಕು. ಈ ಮೂರಕ್ಕೂ ಮನುಷ್ಯರು ಹುಡುಕಿಕೊಂಡ ಉಪಾಯಗಳದೇ ಒಂದು ಚರಿತ್ರೆ.

ನಮ್ಮ ಜವಳಗೇರಾಕ್ಕೆ ಮಸ್ಕಿ ದೂರವಲ್ಲ. 1915ರಲ್ಲಿ ಅಲ್ಲಿ ಅಶೋಕನ ಶಾಸನ ಸಿಕ್ಕಿದ್ದು ಶಾಲೆಯ ಮಕ್ಕಳಿಗೂ ಗೊತ್ತು. 1954ರಲ್ಲಿ ಬಿ.ಕೆ. ಥಾಪರ್ ಅವರು ಅದೇ ಊರಲ್ಲಿ ಅಗೆಸಿದಾಗ ಅದಕ್ಕಿಂತ ಎಷ್ಟೋ ಹಳೆಯ ಕಲ್ಲಿನ ಸಣ್ಣ ಸಣ್ಣ ಅಲಗುಗಳು ಸಿಕ್ಕವು. ಬೆರಳಷ್ಟೂ ಇಲ್ಲದ ಅಂಥ ಅಲಗನ್ನು ಕಟ್ಟಿಗೆಗೋ ಎಲುಬಿಗೋ ಕೂಡಿಸಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಕಲ್ಲು ಉಳಿಯುತ್ತದೆ, ಕಟ್ಟಿಗೆ, ತೊಗಲು, ಬಟ್ಟೆ ಮಣ್ಣಾಗುತ್ತವೆ. ಆದ್ದರಿಂದ ಕತ್ತರಿಸಿದ್ದಕ್ಕೆ ಪುರಾವೆ ಇದೆ, ಸಿಕ್ಕಿಸಿಕೊಂಡದ್ದಕ್ಕೆ ಪುರಾವೆ ಕಡಿಮೆ.

ಮಡಚುವ ಚಾಕು ಬಹಳ ಜಾಣತನದ ಉಪಾಯ. ಹಿಡಿಯೇ ಅದಕ್ಕೆ ಒರೆಯಾಗುತ್ತದೆ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸುಮಾರು 2,500 ವರ್ಷ ಹಿಂದಿನ ಇಂಥ ಚಾಕು ಸಿಕ್ಕಿದೆ. 1890ರಲ್ಲಿ ಫ್ರಾನ್ಸಿನ ಜೋಸೆಫ್ ಒಪಿನೆಲ್ ಕಟ್ಟಿಗೆ ಹಿಡಿಯ ಚಾಕು ಮಾಡಿದ. 1897ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಕಾರ್ಲ್ ಎಲ್ಸೆನರ್ ಅನೇಕ ಸಲಕರಣೆಗಳ ಚಾಕುವನ್ನು ನೋಂದಾಯಿಸಿದ. ಇವುಗಳಿಂದ ಮೈಗೆ ತಾಗುವ ಭಯ ಹೋಯಿತು. ಆದರೆ ಚಾಕು ಕಿಸೆಯ ತಳಕ್ಕೆ ಇಳಿದು ಚಿಲ್ಲರೆ, ಕೀಲಿಕೈಗಳ ನಡುವೆ ಅಡ್ಡ ಮಲಗುತ್ತಿತ್ತು. ಒಂದು ಕೈಯಲ್ಲಿ ಹಗ್ಗ ಹಿಡಿದವನು ಇನ್ನೊಂದು ಕೈಯಿಂದ ಅದನ್ನು ಹುಡುಕಿ, ತೆಗೆದು, ಬಿಚ್ಚುವುದು ಸುಲಭವಿರಲಿಲ್ಲ.

ಇದಕ್ಕೆ ಉತ್ತರ ಬಂದದ್ದು 1981ರಲ್ಲಿ. ಅಮೆರಿಕದ ಸಾಲ್ ಗ್ಲೆಸರ್ ಮತ್ತು ಅವರ ಹೆಂಡತಿ ಗೇಲ್ ಊರಿಂದ ಊರಿಗೆ ಗಾಡಿಯಲ್ಲಿ ತಿರುಗಿ ಚಾಕು ಮಸೆಯುವ ಸಲಕರಣೆ ಮಾರುತ್ತಿದ್ದವರು. ಅವರ ಸ್ಪೈಡರ್ಕೊ ಕಂಪನಿ ತಂದ ‘ವರ್ಕರ್’ ಎಂಬ ಚಾಕುವಿನಲ್ಲಿ ಎರಡು ಹೊಸ ಸಂಗತಿ ಇದ್ದವು. ಹೆಬ್ಬೆರಳಿನಿಂದಲೇ ಬಿಚ್ಚಲು ಅಲಗಿನಲ್ಲಿ ಒಂದು ದುಂಡು ತೂತು, ಕಿಸೆಯ ಅಂಚಿಗೆ ಸಿಕ್ಕಿಸಲು ಹಿಡಿಯ ಮೇಲೆ ಒಂದು ಉಕ್ಕಿನ ಕ್ಲಿಪ್ಪು. ಮುಂದೆ ಇದನ್ನು ಮಾಡದ ಕಂಪನಿಯೇ ಅಪರೂಪವಾಯಿತು.

ಕ್ಲಿಪ್ಪು ಹೇಗೆ ಹಿಡಿಯುತ್ತದೆ ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ತಲೆಗೆ ಸಿಕ್ಕಿಸುವ ಪಿನ್ನೇ ಸಾಕು. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಬಾಗಿ ಮತ್ತೆ ತನ್ನ ಜಾಗಕ್ಕೆ ಬರುವ ಉಕ್ಕು, ನಡುವೆ ಕೂದಲು. ಚಾಕುವಿನಲ್ಲಿ ಕೂದಲಿನ ಜಾಗದಲ್ಲಿ ಬಟ್ಟೆ ಇರುತ್ತದೆ. ಬಹಳ ಬಿಗಿಯಾದರೆ ಬಟ್ಟೆ ಹರಿಯುತ್ತದೆ, ಸಡಿಲಾದರೆ ಚಾಕು ಜಾರುತ್ತದೆ. ತುದಿಯನ್ನು ತುಸು ಮೇಲಕ್ಕೆ ಎತ್ತಿರುವುದು ಬಟ್ಟೆ ಸಲೀಸಾಗಿ ಒಳಗೆ ಹೋಗಲೆಂದು. ಕ್ಲಿಪ್ಪನ್ನು ಯಾವ ತುದಿಗೆ ಕೂಡಿಸಿದ್ದಾರೆ ಎಂಬುದರ ಮೇಲೆ ಮಡಚಿದ ಅಲಗಿನ ಮೊನೆ ಮೇಲಿರಬೇಕೋ ಕೆಳಗಿರಬೇಕೋ ತೀರ್ಮಾನವಾಗುತ್ತದೆ. ಎಡಗೈಯವರಿಗಾಗಿ ಕೆಲವರು ಎರಡೂ ಬದಿಗೆ ತಿರುಪಿನ ತೂತು ಇಡುತ್ತಾರೆ.

ನಮ್ಮ ನಾಡಿನಲ್ಲಿ ಇದಕ್ಕೆ ಹಳೆಯ ಅಣ್ಣನೊಬ್ಬ ಕೊಡಗಿನಲ್ಲಿದ್ದಾನೆ. ಕೊಡವ ಗಂಡಸರು ಕುಪ್ಯ ತೊಟ್ಟು ನಡುವಿಗೆ ಕಟ್ಟುವ ಕೆಂಪು ಚೇಲೆಯಲ್ಲಿ ಮುಂದುಗಡೆ ಪೀಚೆಕತ್ತಿ ಸಿಕ್ಕಿಸುತ್ತಾರೆ. ಅದಕ್ಕೆ ಒರೆ ಉಂಟು. ಅಗಲ ಅಲಗಿನ ಒಡಿಕತ್ತಿಗೆ ಒರೆ ಇಲ್ಲ. ನಡುವಿನ ಹಿಂದೆ ಕಟ್ಟಿದ ‘ತೊಡಂಗ್’ ಎಂಬ ಲೋಹದ ಹಿಡಿಕೆ ಅದನ್ನು ಬೆನ್ನಿಗೆ ನಿಲ್ಲಿಸುತ್ತದೆ. ಕತ್ತಿ ಮಡಚುವುದಿಲ್ಲ ನಿಜ, ಆದರೆ ಕೈ ಖಾಲಿ ಬಿಟ್ಟು ಕತ್ತಿಯನ್ನು ಮೈಮೇಲೆ ನಿಲ್ಲಿಸುವ ಯೋಚನೆ ಅದೇ.

ಚೇಲೆಯೂ ಗಂಡಸರದು, ಕಿಸೆಯೂ ಗಂಡಸರದು. ‘ಕಿಸೆ’, ‘ಜೇಬು’, ‘ಚಾಕು’ ಈ ಮೂರು ಮಾತೂ ಪಾರಸಿಯಿಂದ ಬಂದು ನಮ್ಮ ಸೀಮೆಯಲ್ಲಿ ನೆಲೆಯೂರಿದವು. ನಮ್ಮದೇ ಮಾತು ‘ಉಡಿ’. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಬೀಳುವುದು ಅದರಲ್ಲೇ. ಹೊಲದಲ್ಲಿ ಬಿಡಿಸಿದ ಹತ್ತಿ ತುಂಬಿಕೊಳ್ಳುವುದೂ ಅದರಲ್ಲೇ. ಆದರೆ ಉಡಿಯಲ್ಲಿ ಹರಿತವಾದದ್ದನ್ನು ಇಡಲಾಗದು. ಯಂತ್ರ ಬರುವ ಮೊದಲು ಇಲ್ಲಿಯ ಕಾಲುವೆ ಗದ್ದೆಗಳಲ್ಲಿ ಭತ್ತ ಕೊಯ್ಯುತ್ತಿದ್ದ ಹೆಂಗಸರು ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಒರೆ ಇಲ್ಲ, ತೊಡಂಗ್ ಇಲ್ಲ; ಸೀರೆಯ ಬಿಗಿಯೇ ಕ್ಲಿಪ್ಪು.

ಉಡಿಯ ಜೊತೆಗೆ ಸಂಚಿ ಇತ್ತು, ಅದರೊಳಗೆ ಎಲೆ ಅಡಿಕೆಯ ಸಂಗಡ ಅಡಕೊತ್ತು. ಎರಡು ತೋಳು ಒಂದು ಕೀಲಿನಲ್ಲಿ ಕೂಡಿ ಮುಚ್ಚಿಕೊಳ್ಳುವ ಅಡಕೊತ್ತು ನಮ್ಮ ಅಜ್ಜಿಯರ ಮಡಚುವ ಚಾಕು ಎನ್ನಬಹುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮನನ್ನು ಚರಿತ್ರೆ ಇವತ್ತಿಗೂ ಸಂಚಿಯ ಹೊನ್ನಮ್ಮ ಎಂದೇ ಕರೆಯುತ್ತದೆ. ಅಷ್ಟು ದೊಡ್ಡ ಕವಯಿತ್ರಿಯ ಹೆಸರಿಗೆ ಅಂಟಿಕೊಂಡದ್ದು ಅರಮನೆಯಲ್ಲಿ ಆಕೆ ರಾಣಿಗಾಗಿ ಹಿಡಿದ ಸಂಚಿ.

ಯುರೋಪಿನ ಮನೆಯೊಡತಿಯರೂ ‘ಶಾಟ್ಲೇನ್’ ಎಂಬ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಸರಪಳಿಗಳಿಗೆ ಕೀಲಿಕೈ, ಕತ್ತರಿ, ಸಣ್ಣ ಚಾಕು ತೂಗುಹಾಕುತ್ತಿದ್ದರು. ನಮ್ಮಲ್ಲಿ ಬೆಳ್ಳಿಯ ಕೊಕ್ಕೆಯ ಕೀಲಿಗೊಂಚಲು ಇತ್ತು. ಗೊಂಚಲು ಯಾರ ಸೊಂಟದಲ್ಲಿದೆಯೋ ಮನೆ ಅವರದು. ಅತ್ತೆಯಿಂದ ಸೊಸೆಗೆ ಅದು ದಾಟುವುದಕ್ಕೆ ಇಪ್ಪತ್ತು ವರ್ಷ ಹಿಡಿದ ಮನೆಗಳನ್ನು ನೀವೂ ಕಂಡಿರುತ್ತೀರಿ. ಆದರೆ ಆ ಕೊಕ್ಕೆಯಲ್ಲಿದ್ದದ್ದು ಮನೆಯೊಳಗಿನ ಕಪಾಟುಗಳ ಕೀಲಿ. ಚೇಲೆಯ ಕತ್ತಿ, ಕಿಸೆಯ ಚಾಕು ಹೊಸ್ತಿಲು ದಾಟುವವರಿಗಾಗಿ ಮಾಡಿದ್ದು; ಗೊಂಚಲು ಹೊಸ್ತಿಲ ಒಳಗೆ ಇರುವವರಿಗಾಗಿ.

ಈಗ ಹೊಸ್ತಿಲು ದಾಟುವವರು ನಾವೂ ಹೌದು. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಗಂಡು ಮೇಷ್ಟ್ರು ಪೆನ್ನನ್ನು ಅಂಗಿಯ ಕಿಸೆಗೆ ಸಿಕ್ಕಿಸಿ ನಡೆದರೆ, ನಾವು ಹಾಜರಿ ಪುಸ್ತಕ ಬಗಲಿಗಿಟ್ಟು ವ್ಯಾನಿಟಿ ಬ್ಯಾಗಿನ ತಳ ತಡಕಾಡುತ್ತಿದ್ದೆವು. ಕ್ಲಿಪ್ಪು ನಮ್ಮ ಪೆನ್ನಿಗೂ ಇತ್ತು, ಅದನ್ನು ಸಿಕ್ಕಿಸಲು ಅಂಚು ಇರಲಿಲ್ಲ. ಸಿಂಧನೂರಿನ ಬಸ್ಸಿಗೆ ಓಡುವ ಇಂದಿನ ಹುಡುಗಿಯರೂ ಮೊಬೈಲು, ಪಾಸು, ದುಡ್ಡು ಎಲ್ಲವನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದಿರುತ್ತಾರೆ.

ಮಗಳ ಚೂಡಿದಾರ್ ಹೊಲಿಯಲು ಕೊಡುವಾಗ ಕೊರಳಿನ ಡಿಸೈನು, ತೋಳಿನ ಉದ್ದ ಹೇಳಿ ಮುಗಿಸಿದ ಮೇಲೆ ಇನ್ನೊಂದು ಮಾತು ಸೇರಿಸಿ: “ಬಲಗಡೆ ಒಂದು ಕಿಸೆ ಇಡಪ್ಪಾ, ಆಳವಾಗಿರಲಿ, ಅಂಚು ಗಟ್ಟಿಯಿರಲಿ.” ಬಟ್ಟೆ ಒಂದು ಗೇಣು ಹೆಚ್ಚು ಬೇಕಾದೀತು, ಕೊಡೋಣ.